ನಮ್ಮ ಕಾರ್ನ್ ಸ್ನೇಕ್ ಮರಿ

ಪೆನ್ಸಿಲ್ ದಪ್ಪದ ಜೀವ. ಡಬ್ಬಿ ತೆಗೆದರೆ ಸಾಕು, ಬಾಲ ಪಟಪಟ ಬಡಿದು, ಕತ್ತು ಹಿಂದಕ್ಕೆಳೆದು ಕೈಗೆ ಎಗರುತ್ತದೆ. ವಿಷವಿಲ್ಲದ ಹಾವು, ಕಚ್ಚಿದರೂ ಗೀಚಿದ ಹಾಗಷ್ಟೆ. ಆದರೆ ಅದು ಎಷ್ಟು ಹೆದರಿರಬೇಕು ಅಂತ ನೆನೆದರೆ ಸಂಕಟ ಆಗುತ್ತದೆ.

ಇದರ ತವರು ನಾವಿರುವ ಈ ಆಗ್ನೇಯ ಅಮೆರಿಕವೇ. ಇಲ್ಲಿ ಗಿಡುಗ ಎರಗುವುದು ಮೇಲಿನಿಂದ ತಾನೇ? ಅದಕ್ಕೇ ನಾನು ಮೇಲಿನಿಂದ ಕೈ ಹಾಕುವುದಿಲ್ಲ. ಪಕ್ಕದಿಂದ ನಿಧಾನವಾಗಿ ಹೋಗಿ, ನಡುಭಾಗದ ಕೆಳಗೆ ಕೈ ಕೊಟ್ಟು ಎತ್ತುತ್ತೇನೆ. ತಲೆ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು, ಅದು ಶಾಂತವಾಗಿದ್ದಾಗಲೇ ವಾಪಸ್.

ಊಟ ವಾರಕ್ಕೊಂದು ಪಿಂಕಿ, ಅಂದರೆ ಕೂದಲು ಮೂಡದ ಇಲಿಮರಿ. ಫ್ರೀಜರ್‌ನಿಂದ ತೆಗೆದು, ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿಡಬೇಕು. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗಿರುತ್ತದೆ. ಉದ್ದದ ಚಿಮಟದಲ್ಲಿ ಹಿಡಿದು ಕೊಡುತ್ತೇನೆ. ಹೆದರಿ ಹಿಂದೆ ಸರಿದರೆ ಅಲ್ಲೇ ಇಟ್ಟು, ದೀಪ ಆರಿಸಿ ಬಂದುಬಿಡುತ್ತೇನೆ. ತಿಂದ ಮೇಲೆ 48 ಗಂಟೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕಕ್ಕಿಬಿಡಬಹುದು, ಮರಿಗೆ ಅದು ನಿಜಕ್ಕೂ ಅಪಾಯ.

ನಮ್ಮ ಕೇರೆಹಾವೂ ಇದೇ ಕುಟುಂಬದ್ದು. ಆದರೆ ಅದನ್ನು ಊರಲ್ಲಿ ಹಿಡಿದು ಸಾಕುವಂತಿಲ್ಲ, ಭಾರತದ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಒಳ್ಳೆಯದೇ. ಗದ್ದೆಯ ಇಲಿಗೆ ಅದು ಬೇಕು.

ಈ ಮರಿ ನಾಯಿಯಂತೆ ನನ್ನನ್ನು ಪ್ರೀತಿಸಲಿಕ್ಕಿಲ್ಲ. ಹೆದರದೆ ಇದ್ದರೆ ನನಗೆ ಅಷ್ಟೇ ಸಾಕು. ಈಗ ಕಣ್ಣು ಮಂಜಾಗಿದೆ, ಪೊರೆ ಬಿಡುವ ಹೊತ್ತು. ಅದು ಮುಗಿಯುವವರೆಗೆ ಕೈ ಹಾಕುವುದಿಲ್ಲ.