ಸಾಸಿವೆ ಕಾಳಿನಷ್ಟು ತುಣುಕು, ನಾಲ್ಕು ಡಬ್ಬಿ

ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೊನ್ನೆ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಬಿಟ್ಟು ಹೊಟ್ಟೆಯೊಳಗೆ ನೋಡುವುದು) ರೂಮಿನಿಂದ ಒಬ್ಬರದೇ ಹೆಸರಲ್ಲಿ ನಾಲ್ಕು ಡಬ್ಬಿ ಬಂದವು. ಒಂದೊಂದರಲ್ಲೂ ಕೊಳೆಯದಂತೆ ಇಡುವ ಫಾರ್ಮಲಿನ್, ತಳದಲ್ಲಿ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ಅಂತ ಒಳಗಿನಿಂದ ಕಿತ್ತ ಸಾಸಿವೆ ಕಾಳಿನಷ್ಟು ತುಣುಕು. ಫಾರಂನಲ್ಲಿ "ಗ್ಯಾಸ್ಟ್ರೈಟಿಸ್" (ಜಠರದ ಉರಿಯೂತ) ಅಂತ ಒಂದೇ ಪದ. ಯಾಕೆ ತೆಗೆದರು, ನಾವು ಏನು ಹುಡುಕಬೇಕು, ಏನೂ ಇಲ್ಲ.

ಆ ಕಾಳಿಗೆ ಆಮೇಲೆ ಎಷ್ಟು ಕೆಲಸ ಗೊತ್ತಾ? ಕ್ಯಾಸೆಟ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಗೂಡಿಗೆ ಹಾಕಬೇಕು, ರಾತ್ರಿಯಿಡೀ ಮೆಷಿನ್ನಿನಲ್ಲಿ ಆಲ್ಕೋಹಾಲ್, ಕ್ಸೈಲೀನ್, ಬಿಸಿ ಮೇಣದಲ್ಲಿ ಮುಳುಗಿಸಬೇಕು, ಬೆಳಿಗ್ಗೆ ಮೇಣದ ಬಿಲ್ಲೆ ಮಾಡಿ ಮೂರ್ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆದು, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಸ್ಲೈಡಿಗೆ ಎತ್ತಿಕೊಂಡು ಬಣ್ಣ ಹಾಕಬೇಕು. ನಾಲ್ಕು ಡಬ್ಬಿ ಅಂದರೆ ಕ್ಯಾಸೆಟ್, ಬಿಲ್ಲೆ, ಸ್ಲೈಡು ಎಲ್ಲ ನಾಲ್ಕು ಸಲ. ಅಮೆರಿಕದಲ್ಲಿ 2021ರಲ್ಲಿ ಲೆಕ್ಕ ಹಾಕಿದ್ದಾರೆ: ಒಂದು ಡಬ್ಬಿಗೆ 0.29 ಕೆಜಿ, ಮೂರು ಡಬ್ಬಿಗೆ 0.79 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ, ಭೂಮಿಯನ್ನು ಬಿಸಿ ಮಾಡುವ ಅನಿಲ. ಫಾರ್ಮಲಿನ್ ಕ್ಯಾನ್ಸರ್ ತರುವ ವಸ್ತು ಅನ್ನೋದು ಬೇರೆ. ರೋಗಿಯ ಬಿಲ್ಲೂ ಡಬ್ಬಿಯ ಜೊತೆ ಏರುತ್ತದೆ.

ಬಯಾಪ್ಸಿ ಬೇಡ ಅಂತಲ್ಲ. ಜಠರದಲ್ಲಿ ಹುಣ್ಣು ಕಂಡರೆ ತೆಗೆಯಲೇಬೇಕು, ಅಲ್ಲಿ ಕ್ಯಾನ್ಸರ್ ಅಡಗಿರಬಹುದು. ತಿಂಗಳುಗಟ್ಟಲೆ ನೀರುಭೇದಿ ಇದ್ದವರ ದೊಡ್ಡ ಕರುಳು ಕಣ್ಣಿಗೆ ನೆಟ್ಟಗೆ ಕಂಡರೂ ತೆಗೆಯಬೇಕು, ಅಲ್ಲಿನ ಉರಿಯೂತ ಎಷ್ಟೋ ಸಲ ಮೈಕ್ರೋಸ್ಕೋಪಿಗೆ ಮಾತ್ರ ಕಾಣುತ್ತದೆ. ಊಟ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನುವವರ ಅನ್ನನಾಳವೂ ಹಾಗೇ.

ಆದರೆ ಡುಯೋಡಿನಮ್ಮಿನ (ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಭಾಗ) ಮಾಮೂಲಿ ಹುಣ್ಣಿಗೆ ಸಾಮಾನ್ಯವಾಗಿ ಬೇಕಿಲ್ಲ. ಬರೀ ಎದೆಯುರಿ ಇದ್ದು ಅನ್ನನಾಳ ಚೆನ್ನಾಗಿದ್ದರೆ ಸುಮ್ನೆ ಯಾಕೆ? ಚಿಕ್ಕ ವಯಸ್ಸು, ತೂಕ ಇಳಿದಿಲ್ಲ, ರಕ್ತ ಹೋಗಿಲ್ಲ, ಜಠರದಲ್ಲಿ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆಯಾ ಅಂತ ಅಷ್ಟೇ ನೋಡಬೇಕು ಅಂದರೆ ಉಸಿರಿನ ಪರೀಕ್ಷೆಯೋ ಮಲ ಪರೀಕ್ಷೆಯೋ ಸಾಕು, ಗ್ಯಾಸಿನ ಮಾತ್ರೆ ಎರಡು ವಾರ ಮೊದಲೇ ನಿಲ್ಲಿಸಿರಬೇಕು. ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದೆ ಕರುಳು ಕೆಡುವ ರೋಗ) ಇರಬಹುದು ಅನ್ನಿಸುವ ಮಕ್ಕಳಲ್ಲಂತೂ ರಕ್ತದ ಟಿಟಿಜಿ ಪ್ರತಿಕಾಯದ ಮಟ್ಟ ಮಾಮೂಲಿಗಿಂತ ಹತ್ತು ಪಟ್ಟು ದಾಟಿ, ಇನ್ನೊಂದು ರಕ್ತದ ಸ್ಯಾಂಪಲ್‌ನಲ್ಲಿ ಇಎಂಎ ಅನ್ನುವ ಮತ್ತೊಂದು ಪ್ರತಿಕಾಯ ಕೂಡ ಪಾಸಿಟಿವ್ ಬಂದರೆ, ಬಯಾಪ್ಸಿ ಇಲ್ಲದೆಯೇ ರೋಗ ಖಚಿತಪಡಿಸಬಹುದು ಅಂತ 2020ರ ಯುರೋಪಿನ ಮಾರ್ಗಸೂಚಿಯೇ ಹೇಳುತ್ತದೆ. ಒಂದು ಮಗುವಿಗೆ ಎಂಡೋಸ್ಕೋಪಿಯೇ ತಪ್ಪಿತು, ಅಲ್ವಾ?

ಆ ನಾಲ್ಕು ಡಬ್ಬಿಯ ಡಾಕ್ಟರಿಗೆ ಫೋನ್ ಮಾಡಿದೆ. ಎರಡು ಡಬ್ಬಿ ಒಂದೇ ಜಾಗದ್ದಂತೆ, ಒಂದಕ್ಕೇ ಹಾಕಬಹುದಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಿನ್ನೆ ಬಂದ ಫಾರಂನಲ್ಲಿ ಪ್ರಶ್ನೆ ಬರೆದಿತ್ತು: "ಜಠರದ ಹುಣ್ಣು, ಅಂಚಿನಿಂದ ತೆಗೆದದ್ದು, ಕ್ಯಾನ್ಸರ್ ಇದೆಯಾ?" ಡಬ್ಬಿ ಒಂದೇ, ಒಳಗೆ ಆರು ತುಣುಕು.