ಹಾಸನದಲ್ಲಿ ಕೂತು ಕೆಲಸ ಹುಡುಕುವವರ ಅರ್ಜಿ ಎಲ್ಲಿ ನಿಂತುಹೋಗುತ್ತದೆ?

ಕಂಪನಿಯವರು "ಬೇಡ" ಅಂದರೆ ಅದೂ ಒಂದು ಉತ್ತರವೇ. ಕಂಡ ಕಂಡ ಕಡೆಗೆಲ್ಲ ಅರ್ಜಿ ಹಾಕಿ, ಒಂದು ಫೋನೂ ಬಾರದೆ, ಮದುವೆ ಮುಂಜಿಯಲ್ಲಿ ಸಿಕ್ಕವರಿಗೆಲ್ಲ "ನೋಡ್ತಾ ಇದೀನಿ" ಅಂತ ಹೇಳಿಕೊಂಡು ತಿರುಗುವುದಿದೆಯಲ್ಲ, ಅದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಮಾರುಕಟ್ಟೆ ಕೆಟ್ಟಿರುವುದು ನಿಜ, ಹೊಸಬರ ವಿಷಯದಲ್ಲಿ ಕಂಪನಿಗಳು ಕೈ ಬಿಗಿ ಹಿಡಿದಿರುವುದೂ ನಿಜ. ಅದನ್ನು ನಾವ್ಯಾರೂ ರಿಪೇರಿ ಮಾಡಲಾರೆವು. ಅರ್ಜಿ ಯಾವ ಹಂತದಲ್ಲಿ ನಿಲ್ಲುತ್ತಿದೆ ಎಂದು ಪತ್ತೆ ಹಚ್ಚುವುದು ಮಾತ್ರ ನಮ್ಮ ಕೈಯಲ್ಲಿದೆ.

ಫೋನೇ ಬರುತ್ತಿಲ್ಲ ಅಂದರೆ ರೆಸ್ಯೂಮೆಯನ್ನು ಅನುಮಾನಿಸಿ. ಫೋನ್ ಬಂದು ಎರಡು ನಿಮಿಷ ಮಾತಾಡಿ ಆಮೇಲೆ ಪತ್ತೆಯಿಲ್ಲದೆ ಹೋದರೆ ಸಂಬಳ, ಊರು, ಯಾವಾಗ ಸೇರುತ್ತೀರಿ ಎನ್ನುವುದರಲ್ಲಿ ಎಲ್ಲೋ ಎಡವಟ್ಟಾಗಿದೆ. ಇಂಟರ್‌ವ್ಯೂವರೆಗೆ ಹೋಗಿ ಬೀಳುತ್ತಿದ್ದರೆ ಕೂತು ಓದಬೇಕು, ಬೇರೆ ಔಷಧಿಯಿಲ್ಲ. ಆಫರ್ ಬಂದ ಮೇಲೆ ನಿಂತರೆ ದಾಖಲೆ ಸರಿಯಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕಂಪನಿ, ಹುದ್ದೆ, ಯಾರ ಮೂಲಕ ಹೋಯಿತು, ಯಾವ ರೆಸ್ಯೂಮೆ ಹೋಯಿತು ಎಂದು ಬರೆದಿಡಿ. ಮೂರು ವಾರದ ಮೇಲೆ ಫೋನ್ ಬಂದಾಗ "ಯಾವ ಕಂಪನಿ ಮೇಡಂ?" ಅಂತ ಕೇಳಿದರೆ ಅಲ್ಲಿಗೇ ಕಥೆ ಮುಗಿಯಿತು.

ರೆಸ್ಯೂಮೆ ಪರೀಕ್ಷೆಗೆ ಖರ್ಚಿಲ್ಲ. ಪಿಡಿಎಫ್ ತೆರೆದು ಕಂಟ್ರೋಲ್-ಎ, ಕಂಟ್ರೋಲ್-ಸಿ ಒತ್ತಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಕಂಪನಿಯ ಸಾಫ್ಟ್‌ವೇರಿಗೆ ಕಾಣುವುದು ಹೆಚ್ಚುಕಮ್ಮಿ ಅದೇ. ಎರಡು ಕಾಲಂ ಇರುವ ಚಂದದ ಟೆಂಪ್ಲೇಟ್ ಆದರೆ ಎಡಗಡೆಯ ಫೋನ್ ನಂಬರು ಬಲಗಡೆಯ ಪ್ರಾಜೆಕ್ಟ್ ವಿವರಣೆಯ ಮಧ್ಯೆ ಬಂದು ಕೂತಿರುತ್ತದೆ. ಕ್ಯಾನ್ವಾದಲ್ಲಿ ಫ್ಲಾಟನ್ ಮಾಡಿ ಇಳಿಸಿಕೊಂಡದ್ದಾದರೆ ಏನೂ ಕಾಪಿ ಆಗುವುದಿಲ್ಲ, ಅದು ಬರೀ ಚಿತ್ರ. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪ್ರಿಂಟ್ ತೆಗೆಸಿ, ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಳಿಸುವವರದ್ದೂ ಇದೇ ಗತಿ. ಒಂದೇ ಕಾಲಂ, ಟೇಬಲ್ ಬೇಡ, ಫೋನ್ ನಂಬರು ಮತ್ತು ಇ-ಮೇಲ್ ಹೆಡರ್ ಜಾಗದಲ್ಲಿ ಬೇಡ, ಪುಟದೊಳಗೇ ಇರಲಿ. ಸಹಕಾರಿ ಸಂಘ, ಪತ್ರಿಕೆ ಅಂತ ಕನ್ನಡದಲ್ಲಿ ಅರ್ಜಿ ಕಳಿಸುವವರು ಹಳೇ ನುಡಿ ಫಾಂಟಿನಲ್ಲಿ ವರ್ಡ್ ಫೈಲ್ ಕಳಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್ ಬಳಸಿ.

ಜಾಹೀರಾತಿನಲ್ಲಿರುವ ಪದವೇ ರೆಸ್ಯೂಮೆಯಲ್ಲೂ ಇರಬೇಕು. ಬಿ.ಕಾಂ. ಆದವರು "ಅಕೌಂಟಿಂಗ್ ಸಾಫ್ಟ್‌ವೇರ್ ಜ್ಞಾನವಿದೆ" ಅಂತ ಬರೆದರೆ "ಟ್ಯಾಲಿ ಪ್ರೈಮ್", "ಜಿಎಸ್‌ಟಿಆರ್-3ಬಿ" ಅಂತ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಬಾರದ್ದನ್ನು ಮಾತ್ರ ಸೇರಿಸಬೇಡಿ. 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಬರೆದವರಿಗೆ ಬರುವ ಮೊದಲ ಪ್ರಶ್ನೆಯೇ ಅದನ್ನು ಸಲ್ಲಿಸಲು ಕೊನೇ ದಿನ ಯಾವುದು ಅಂತ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮುಂದಿನ ತಿಂಗಳ 20.

ನೌಕ್ರಿಯಂಥ ಕಡೆ "ಈಗಿರುವ ಊರು: ಹಾಸನ" ಎಂದಷ್ಟೇ ಇದ್ದರೆ ಬೆಂಗಳೂರಿನವರನ್ನು ಮಾತ್ರ ಸೋಸಿ ನೋಡುವವರಿಗೆ ನೀವು ಇಲ್ಲವೇ ಇಲ್ಲ. ಸುಳ್ಳು ಹಾಕುವುದು ಬೇಡ. "ಬಯಸುವ ಊರು" ಎಂಬಲ್ಲಿ ಬೆಂಗಳೂರು, ಮೈಸೂರು ಸೇರಿಸಿ, ಹೆಡ್‌ಲೈನಿನಲ್ಲೇ "ಒಂದು ವಾರದಲ್ಲಿ ಬೆಂಗಳೂರಿಗೆ ಬಂದು ಸೇರಬಲ್ಲೆ" ಅಂತ ಇಂಗ್ಲಿಷಿನಲ್ಲಿ ಹಾಕಿ. ಇತ್ತೀಚೆಗೆ ಸಕ್ರಿಯವಾಗಿರುವ ಪ್ರೊಫೈಲನ್ನಷ್ಟೇ ನೋಡುವ ಸೌಲಭ್ಯವೂ ಅವರಿಗಿದೆ. ಹಾಗಾಗಿ ವಾರಕ್ಕೆರಡು ಸಲವಾದರೂ ಲಾಗಿನ್ ಆಗಿ ಏನಾದರೂ ತಿದ್ದಿ ಸೇವ್ ಮಾಡಿ.

ಇನ್ನು ಹೆಸರು. ನಮ್ಮ ಜಿಲ್ಲೆಯವರಿಗೆ ಆಫರ್ ಬಂದ ಮೇಲೂ ಕಾಟ ಕೊಡುವುದು ಇದೇ. ಸರ್‌ನೇಮ್ ಅನ್ನುವುದು ನಮ್ಮಲ್ಲಿ ಕಡಿಮೆ, ಊರಿನ ಮತ್ತು ಅಪ್ಪನ ಹೆಸರಿನ ಇನಿಷಿಯಲ್ಲೇ ಎಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ರಮೇಶ ಎಚ್.ಕೆ.", ಆಧಾರ್‌ನಲ್ಲಿ "ಎಚ್ ಕೆ ರಮೇಶ್", ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಉದ್ದುದ್ದ ಹೆಸರು. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ಕೊನೆಗೊಂದು "ಎ" ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಪಿ.ಎಫ್.ನ ಯುಎಎನ್ (ಸದಸ್ಯರ ಕಾಯಂ ಸಂಖ್ಯೆ) ಆಧಾರ್ ಹೆಸರಿನಲ್ಲಿ ಹುಟ್ಟುತ್ತದೆ, ಹಿನ್ನೆಲೆ ಪರಿಶೀಲನೆಯವರು ಡಿಗ್ರಿ ಸರ್ಟಿಫಿಕೇಟಿನ ಹೆಸರು ನೋಡುತ್ತಾರೆ, ಸಂಬಳ ಬ್ಯಾಂಕಿನ ಹೆಸರಿಗೆ ಬರಬೇಕು. ಒಂದಕ್ಕೊಂದು ತಾಳೆಯಾಗದಿದ್ದರೆ ಸೇರುವ ದಿನಾಂಕ ಮುಂದಕ್ಕೆ ಹೋಗುತ್ತದೆ, ಕೆಲವೊಮ್ಮೆ ಆ ಜಾಗಕ್ಕೆ ಇನ್ನೊಬ್ಬರು ಬಂದುಬಿಡುತ್ತಾರೆ.

ಇದನ್ನು ಕೆಲಸ ಹುಡುಕುತ್ತಿರುವಾಗಲೇ ಮುಗಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲವಾಗಿ ಇಟ್ಟುಕೊಂಡು ಮೊದಲು ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಸ್ಪೆಲಿಂಗನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆಪರೇಟರ್ ಕೊಡುವ ರಸೀದಿಯಲ್ಲಿ ಅಕ್ಷರ ಅಕ್ಷರ ಓದಿ ನೋಡಿ. ಅಂಕಪಟ್ಟಿಯೇ ತಪ್ಪಿದ್ದರೆ ಓದಿದ ಹೈಸ್ಕೂಲಿನ ಹೆಡ್‌ಮಾಸ್ಟರ್ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು, ಅದು ನಿಧಾನ. ಅಷ್ಟರವರೆಗೆ "ಎರಡೂ ಹೆಸರಿನ ವ್ಯಕ್ತಿ ಒಬ್ಬನೇ" ಎನ್ನುವ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಎಲ್ಲರೂ ಒಪ್ಪುವುದಿಲ್ಲ, ಒಪ್ಪುವವರೂ ಇದ್ದಾರೆ. ಆನ್‌ಲೈನ್ ಫಾರ್ಮಿನಲ್ಲಿ ಸರ್‌ನೇಮ್ ಕಡ್ಡಾಯ ಅಂದರೆ ಪ್ಯಾನ್‌ನಲ್ಲಿ ಹೇಗೆ ಒಡೆದಿದೆಯೋ ಹಾಗೇ ತುಂಬಿ, ಒಂದೊಂದು ಕಡೆ ಒಂದೊಂದು ಥರ ಬೇಡ.

ಸಂಬಳದ ಮಾತು. ಫೋನಿನಲ್ಲಿ "ಮೂರು ಲಕ್ಷ ಸಿಟಿಸಿ" (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದಾಗ ಮನೆಯವರು ಮೂರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 25,000 ಅಂದುಕೊಳ್ಳುತ್ತಾರೆ. ಲೆಕ್ಕ ಬಿಡಿಸಿ ನೋಡೋಣ. ನೂರಕ್ಕೆ ಹತ್ತು ವೇರಿಯಬಲ್ ಅಂದರೆ 2,500 ಅಲ್ಲೇ ಹೋಯಿತು, ಅದು ವರ್ಷದ ಕೊನೆಗೆ ಕೊಟ್ಟರೆ ಉಂಟು. ಬೇಸಿಕ್ 12,500 ಆದರೆ ಕಂಪನಿಯ ಪಾಲಿನ ಪಿ.ಎಫ್. ಶೇ. 12, ಅಂದರೆ 1,500. ಗ್ರಾಚ್ಯುಟಿ ಅಂತ ಸುಮಾರು 600. ಇಷ್ಟು ಕಳೆದರೆ 21,000ಕ್ಕಿಂತ ಕೆಳಗೆ ಬರುವುದರಿಂದ ಇಎಸ್‌ಐ ಕೂಡ ಬೀಳುತ್ತದೆ. ಅದರ ಕಂಪನಿ ಪಾಲು ಶೇ. 3.25, ಸುಮಾರು 640. ಅಲ್ಲಿಗೆ ಗ್ರಾಸ್ ಸಂಬಳ 19,750ರ ಆಸುಪಾಸು. ಇದರಲ್ಲಿ ನಿಮ್ಮ ಪಾಲಿನ ಪಿ.ಎಫ್. 1,500, ಇಎಸ್‌ಐ 150. ಕೈಗೆ ಬರುವುದು 18,100. ಪಿ.ಎಫ್. ಹಣ ನಿಮ್ಮದೇ, ಕಳೆದುಹೋಗುವುದಿಲ್ಲ, ಸರಿ. ಆದರೆ ಪಿ.ಜಿ. ಬಾಡಿಗೆಯನ್ನು ಪಿ.ಎಫ್. ಪಾಸ್‌ಬುಕ್ಕಿನಿಂದ ಕಟ್ಟಲಾಗುವುದಿಲ್ಲ. "ವೇರಿಯಬಲ್ ಎಷ್ಟು, ಇನ್-ಹ್ಯಾಂಡ್ ಎಷ್ಟು, ಬಾಂಡ್ ಇದೆಯಾ" ಎಂಬ ಮೂರು ಪ್ರಶ್ನೆ ಮೊದಲ ಫೋನಿನಲ್ಲೇ ಕೇಳಿ. ಅದನ್ನು ದುರಹಂಕಾರ ಅಂದುಕೊಳ್ಳುವವರ ಹತ್ತಿರ ಕೆಲಸಕ್ಕೆ ಹೋಗಿಯೂ ಸುಖವಿಲ್ಲ.

ಕಂಪನಿ ನಿಜಕ್ಕೂ ಇದೆಯಾ, ಜನರನ್ನು ತೆಗೆದುಕೊಳ್ಳುತ್ತಿದೆಯಾ ಎಂದು ನೋಡಲು ಒಂದು ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವ ಸೌಲಭ್ಯವಿದೆ. ಲಾಗಿನ್ ಬೇಡ. ಹೆಸರು ಸಿಕ್ಕ ಮೇಲೆ ಪಾವತಿ ವಿವರ ತೆರೆದರೆ ಯಾವ ತಿಂಗಳಿಗೆ ಎಷ್ಟು ಜನರ ಪಿ.ಎಫ್. ಯಾವತ್ತು ಕಟ್ಟಿದ್ದಾರೆ ಎಂದು ಸಾಲಾಗಿ ಬರುತ್ತದೆ. "ನಮ್ಮಲ್ಲಿ ಐನೂರು ಜನ" ಅಂದವರ ಲೆಕ್ಕದಲ್ಲಿ ಹದಿನಾಲ್ಕು ಜನ ಇರಬಹುದು. ತಿಂಗಳಿಂದ ತಿಂಗಳಿಗೆ ಜನರ ಸಂಖ್ಯೆ ಇಳಿಯುತ್ತಿದ್ದರೆ, ಜಾಹೀರಾತು ಮಾತ್ರ ಆರು ತಿಂಗಳಿಂದ ಅದೇ ಇದ್ದರೆ, ಅಲ್ಲಿ ಬಿಟ್ಟುಹೋಗುವವರ ಜಾಗ ತುಂಬುತ್ತಿದ್ದಾರೆ ಅಥವಾ ಸುಮ್ಮನೆ ರೆಸ್ಯೂಮೆ ಗುಡ್ಡೆ ಹಾಕುತ್ತಿದ್ದಾರೆ. ಬೇರೆ ಏಜೆನ್ಸಿಯ ಹೆಸರಿನಲ್ಲಿ ಪಿ.ಎಫ್. ಕಟ್ಟುವ ಕಂಪನಿಗಳೂ ಇವೆ, ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ಏಜೆನ್ಸಿ ಅಂದೆ. ಒಂದೇ ಹುದ್ದೆಗೆ ಇಬ್ಬರು ಕನ್ಸಲ್ಟೆನ್ಸಿಯವರಿಂದ ನಿಮ್ಮ ರೆಸ್ಯೂಮೆ ಹೋದರೆ ಇಬ್ಬರ ಕಮಿಷನ್ ಜಗಳದಲ್ಲಿ ನೀವು ಹೊರಗೆ. ಯಾವ ಕಂಪನಿ ಎಂದು ಕೇಳಿ ತಿಳಿದ ಮೇಲೇ ಒಪ್ಪಿಗೆ ಕೊಡಿ. ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೈನಿಂಗ್ ಕಿಟ್ ಅಂತ ಒಂದು ರೂಪಾಯಿ ಕೇಳಿದರೂ ಫೋನ್ ಇಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ವಾಕ್-ಇನ್‌ಗೆ ಹೋಗುವವರು ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂರಬೇಕಿಲ್ಲ. ನೆಲಮಂಗಲ ದಾಟಿ ಮಾದಾವರದಲ್ಲೋ ನಾಗಸಂದ್ರದಲ್ಲೋ ಇಳಿದು ಹಸಿರು ಮೆಟ್ರೋ ಹತ್ತಿದರೆ ಗೊರಗುಂಟೆಪಾಳ್ಯದ ಟ್ರಾಫಿಕ್ ತಪ್ಪುತ್ತದೆ. ವೈಟ್‌ಫೀಲ್ಡ್ ಕಡೆಗಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ, ಎಲೆಕ್ಟ್ರಾನಿಕ್ ಸಿಟಿಗಾದರೆ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗ.

ಊರಲ್ಲೇ ಏನಾದರೂ ಆಗುವುದಿಲ್ಲವೇ? "ಇಲ್ಲೇ ಇಸ್ರೋ ಇದೆಯಲ್ಲೋ, ಅಲ್ಲಿ ನೋಡು" ಎನ್ನುವ ಮಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ಗೆ ನೇಮಕಾತಿ ನಡೆಯುವುದು ಅಖಿಲ ಭಾರತ ಮಟ್ಟದಲ್ಲಿ, ಹಾಸನದವರು ಅನ್ನುವುದಕ್ಕೆ ಅಂಕವಿಲ್ಲ. ಡಿಗ್ರಿ, ಡಿಪ್ಲೊಮಾ ಆದವರಿಗೆ ಅದಕ್ಕಿಂತ ಹತ್ತಿರದ ದಾರಿ ಅಪ್ರೆಂಟಿಸ್. ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ ನ್ಯಾಟ್ಸ್‌ನ ಪೋರ್ಟಲಿನಲ್ಲಿ ನೋಂದಾಯಿಸಿ, ಜಿಲ್ಲೆ ಹಾಸನ ಅಂತ ಹಾಕಿ ಸಂಸ್ಥೆಗಳನ್ನು ನೋಡಿ. ಗ್ರೋತ್ ಸೆಂಟರ್, ಜವಳಿ ಘಟಕಗಳ ಎಚ್.ಆರ್. ಬಳಿಗೆ ನೇರವಾಗಿ ಹೋಗಿ "ಅಪ್ರೆಂಟಿಸ್ ತೆಗೆದುಕೊಳ್ಳುತ್ತೀರಾ" ಅಂತ ಕೇಳುವುದೂ ಕೆಲಸಕ್ಕೆ ಬರುತ್ತದೆ. 2019ರ ನಿಯಮದಲ್ಲಿ ತಿಂಗಳ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ 9,000, ಡಿಪ್ಲೊಮಾದವರಿಗೆ 8,000 ಇತ್ತು, ಈಗ ಎಷ್ಟು ಎಂದು ಪೋರ್ಟಲಿನಲ್ಲಿ ನೋಡಿಕೊಳ್ಳಿ. ಕಡಿಮೆಯೇ. ಆದರೆ ಹಾಸನದಲ್ಲೇ ಮನೆಯಿದ್ದವರಿಗೆ ಮೇಲಿನ 18,100ರ ಲೆಕ್ಕದಲ್ಲಿ ಬಾಡಿಗೆ, ಊಟ, ಓಡಾಟ ಕಳೆದು ಹೋಲಿಸಿದರೆ ಅಂತರ ಅಷ್ಟೇನಿಲ್ಲ, ಜೊತೆಗೆ ರೆಸ್ಯೂಮೆಗೆ ಒಂದು ವರ್ಷ ಸೇರುತ್ತದೆ.

ಸೇರುವಾಗ ಪೋರ್ಟಲಿನಲ್ಲಿ ಕಾಂಟ್ರಾಕ್ಟ್ ಆಗಿದೆಯೇ ನೋಡಿಕೊಳ್ಳಿ, ಬಾಯಿಮಾತಿನ "ಅಪ್ರೆಂಟಿಸ್" ಆದರೆ ಸರ್ಟಿಫಿಕೇಟ್ ಬರುವುದಿಲ್ಲ. ಸರ್ಕಾರದ ಪಾಲಿನ ಹಣ ಆಧಾರ್ ಸೀಡಿಂಗ್ (ಜೋಡಣೆ) ಆದ ಖಾತೆಗೆ ಬೀಳುತ್ತದೆ, ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಅಂದ ಮಾತ್ರಕ್ಕೆ ಸೀಡಿಂಗ್ ಆಗಿರುವುದಿಲ್ಲ, ಕೇಳಿ ಮಾಡಿಸಿ. ಯುವನಿಧಿ ಪಡೆಯುತ್ತಿದ್ದವರು ಅಪ್ರೆಂಟಿಸ್ ವೇತನ ಶುರುವಾದ ಮೇಲೆ ಅದಕ್ಕೆ ಅರ್ಹರಲ್ಲ. ಸೇವಾಸಿಂಧುವಿನ ಸ್ವಯಂ ಘೋಷಣೆಯಲ್ಲಿ "ನಿರುದ್ಯೋಗಿ" ಅಂತಲೇ ಒತ್ತುತ್ತಾ ಹೋದರೆ ಆ ಹಣವನ್ನು ಆಮೇಲೆ ವಾಪಸ್ ಕಟ್ಟಬೇಕಾಗುತ್ತದೆ.