ಅಜ್ಜಿ ಎದ್ದು ಹೋಗದ ಚಾನೆಲ್

2010ರ ಮೇ ತಿಂಗಳು. ಡಿಗ್ರಿ ಪರೀಕ್ಷೆ ಮುಗಿಸಿಕೊಂಡು ತಿಪಟೂರಿನ ಅಜ್ಜಿ ಮನೆಗೆ ಹೋಗಿದ್ದೆ. ಐದು ವರ್ಷದ ಅಕ್ಕನ ಮಗಳು ನನಗಿಂತ ಮೊದಲೇ ಬಂದು ರಿಮೋಟ್ ಹಿಡಿದು ಕೂತಿದ್ದಳು. ಅವಳಿಗೆ ಪೋಗೋ ಬೇಕು, ನನಗೆ ಕಾರ್ಟೂನ್ ನೆಟ್‌ವರ್ಕ್. ಇಪ್ಪತ್ತು ವರ್ಷದವನಾದರೂ ನಾನು ಬಿಟ್ಟುಕೊಡಲಿಲ್ಲ. ಕಾರ್ಟೂನ್ ಅಂದರೆ ನನಗೆ ಆಗಲೂ ಪ್ರಾಣ, ಈಗಲೂ ಪ್ರಾಣ.

ಕಾರ್ಟೂನ್ ನೆಟ್‌ವರ್ಕ್ ನಮ್ಮ ದೇಶಕ್ಕೆ ಬಂದದ್ದು 1995ರಲ್ಲಿ. ನಾನು ಚಿಕ್ಕವನಿದ್ದಾಗ ಅದು ದಿನವಿಡೀ ಇರುತ್ತಿರಲಿಲ್ಲ. ರಾತ್ರಿಯಾಯಿತೆಂದರೆ ಅದೇ ಜಾಗದಲ್ಲಿ ಟಿಎನ್‌ಟಿ ಶುರುವಾಗಿ, ಹಳೇ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ಅಷ್ಟರೊಳಗೆ ಊಟ, ಹೋಂವರ್ಕ್ ಎಲ್ಲ ಮುಗಿಸಿ ಟಾಮ್ ಅಂಡ್ ಜೆರ್ರಿ ಮುಂದೆ ಕೂರಬೇಕಿತ್ತು. ಆಗ ಅಜ್ಜಿಯೂ ಹುಣಸೆಹಣ್ಣಿನ ಬುಟ್ಟಿ, ಈಳಿಗೆಮಣೆ ತಂದು ಪಕ್ಕದಲ್ಲೇ ಕೂರುತ್ತಿದ್ದರು. ಬೆಕ್ಕು ಏಟು ತಿಂದಾಗಲೆಲ್ಲ "ಅಯ್ಯೋ ಪಾಪ" ಅನ್ನುತ್ತಾ ಬೀಜ ಬಿಡಿಸುತ್ತಿದ್ದರು. ಬೆಕ್ಕು ಇಲಿಗಳಿಗೆ ಮಾತೇ ಇಲ್ಲವಲ್ಲ, ಯಾವ ಭಾಷೆಯೂ ಅಡ್ಡ ಬರಲಿಲ್ಲ. ಡೆಕ್ಸ್ಟರ್, ಜಾನಿ ಬ್ರಾವೋ ಬಂದರೆ ಮಾತ್ರ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

2004ರಲ್ಲಿ ಬಂದ ಪೋಗೋ ಕಾರ್ಟೂನ್ ನೆಟ್‌ವರ್ಕ್ ಕಂಪನಿಯದೇ ಇನ್ನೊಂದು ಚಾನೆಲ್. ಆದರೂ ಅದರ ರುಚಿ ಬೇರೆ. ಮಿಸ್ಟರ್ ಬೀನ್, ಜಪಾನಿನ ಆಟದ ಶೋ ತಕೇಶಿ ಕ್ಯಾಸಲ್, ಅದಕ್ಕೆ ಜಾವೇದ್ ಜಾಫ್ರಿಯ ಹಿಂದಿ ಕಾಮೆಂಟರಿ. ಎಮ್ಎಡಿ ಅನ್ನುವ ಕರಕುಶಲದ ಕಾರ್ಯಕ್ರಮದಲ್ಲಿ ರಾಬ್ ಹಳೇ ರಟ್ಟು, ಪೇಪರ್ ಚೂರುಗಳಿಂದಲೇ ಏನೇನೋ ಮಾಡಿ ತೋರಿಸುತ್ತಿದ್ದ. ಅವನನ್ನು ನೋಡಿ ನಾನೂ ಮದುವೆ ಕಾಗದದ ರಟ್ಟು ಕತ್ತರಿಸಿ, ಫೆವಿಕಾಲ್ ಬಳಿದು ಪೆನ್ ಸ್ಟ್ಯಾಂಡ್ ಮಾಡಿದ್ದೆ. ಅದು ಇವತ್ತಿಗೂ ಅಜ್ಜಿ ಮನೆಯ ಗೂಡಿನಲ್ಲಿದೆ. ನೋಡುವ ಮಕ್ಕಳನ್ನು ಎಬ್ಬಿಸಿ ಕೈಗೆ ಕೆಲಸ ಕೊಡುವುದರಲ್ಲಿ ಪೋಗೋ ಮುಂದು, ಇದನ್ನು ಒಪ್ಪಲೇಬೇಕು. 2008ರಲ್ಲಿ ಛೋಟಾ ಭೀಮ್ ಬಂದ ಮೇಲೆ ಮಕ್ಕಳೆಲ್ಲ ಅದಕ್ಕೇ ಅಂಟಿಕೊಂಡರು. ಲಡ್ಡು ತಿಂದ ಕೂಡಲೇ ಕಷ್ಟ ಬಗೆಹರಿಯುವ ಕತೆ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಸೀರೆ ಉಟ್ಟ ಟುನ್‌ಟುನ್ ಮೌಸಿಯನ್ನು ಕಾರ್ಟೂನಿನಲ್ಲಿ ನೋಡುವ ಖುಷಿಯೇ ಬೇರೆ.

ಅವತ್ತು ಮಧ್ಯಾಹ್ನ ನಮ್ಮ ಜಗಳದಲ್ಲಿ ರಿಮೋಟ್ ಎಲ್ಲೋ ಒತ್ತಿಹೋಗಿ ಚಿಂಟು ಟಿವಿ ಬಂತು. ಸನ್ ಬಳಗದವರು ತಮಿಳು ಮಕ್ಕಳಿಗೆ ಚುಟ್ಟಿ ಟಿವಿ ಕೊಟ್ಟು ಎರಡು ವರ್ಷದ ಮೇಲೆ, 2009ರಲ್ಲಿ ನಮಗೆ ಕೊಟ್ಟ ಚಾನೆಲ್ ಅದು. ಡೋರಾ ಬರುತ್ತಿತ್ತು, ಕನ್ನಡದಲ್ಲಿ. ಕಾರ್ಟೂನಿನ ಆ ಪುಟ್ಟ ಹುಡುಗಿ ನೋಡುವವರನ್ನೇ ಏನೋ ಕೇಳಿ, ಕಣ್ಣು ಪಿಳಿಪಿಳಿ ಮಾಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು. ಟಿವಿಯೂ ಸುಮ್ಮನೆ, ಮನೆಯೂ ಸುಮ್ಮನೆ.

"ಮರದ ಹಿಂದೆ ಐತಲ್ಲೇ ತಾಯಿ, ಕಾಣಲ್ವೇ?"

ತಿರುಗಿ ನೋಡಿದರೆ ಅಜ್ಜಿ. ಬಾಗಿಲ ಹತ್ತಿರ ಹಪ್ಪಳದ ಹಿಟ್ಟಿನ ಕೈಯಲ್ಲೇ ನಿಂತಿದ್ದರು. ಡೋರಾ ಸರಿ ಅಂದಾಗ ಅವರ ಮುಖ ಅರಳಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಕೈ ತೊಳೆಯದೆ ಹಾಗೇ ಬಂದು ಕೂತರು. ನರಿ ಬಂದಾಗ ಕದಿಯಬೇಡ ಅಂತ ಮೂರು ಸಲ ಕೂಗಬೇಕು. ಮೊದಲನೇ ಸಲ ಮಗು ಒಬ್ಬಳೇ ಕೂಗಿದಳು, ಮೂರನೆಯದಕ್ಕೆ ಎಪ್ಪತ್ತು ದಾಟಿದ ಅಜ್ಜಿಯದೇ ಜೋರು ದನಿ.

ಚಿತ್ರದ ಅಂದಕ್ಕೆ, ತಮಾಷೆಗೆ ಟಾಮ್ ಅಂಡ್ ಜೆರ್ರಿಯನ್ನು ಮೀರಿದ್ದು ಇಲ್ಲವೆಂದು ಇಂದಿಗೂ ವಾದಿಸುತ್ತೇನೆ. ಆದರೆ ಅಷ್ಟು ವರ್ಷ ನಾನು ಇಷ್ಟಪಟ್ಟ ಚಾನೆಲ್‌ಗಳಲ್ಲಿ ಒಂದೂ ಅಜ್ಜಿಯನ್ನು ಮಾತಾಡಿಸಿರಲಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಎಂದು ನಮ್ಮಲ್ಲಿ ದಶಕಗಳ ಜಗಳವಿದೆ. ಆ ಮಾತು ಬಂದಾಗಲೆಲ್ಲ ನನಗೆ ಆ ಹಿಟ್ಟಿನ ಕೈ ನೆನಪಾಗುತ್ತದೆ.

ಕತೆ ಮುಗಿಯುವ ಮೊದಲೇ ಗುಡುಗು ಮಳೆ ಬಂದು ಕರೆಂಟ್ ಹೋಯಿತು. ರಾತ್ರಿ ಸೀಮೆಎಣ್ಣೆ ಬುಡ್ಡಿ ಹಚ್ಚಿ ಮುದ್ದೆ ಬಡಿಸುವಾಗ ಅಜ್ಜಿ ಕೇಳಿದರು: "ಆ ಹುಡುಗಿ ಮನೆ ಸೇರ್ಕಂಡ್ಲೇನೋ, ಇಲ್ಲ ಇನ್ನೂ ಕಾಡಲ್ಲೇ ಅವ್ಳೋ?"